ಏಡನ್ನಿನ ಮಾಳಿಗೆಯಿಂದ ಕಂಡ ಚಂದ್ರನ ನೆಲ

ಈ ಪ್ರಯಾಣದ ಕತೆಯನ್ನು ಬಾಯಿಂದ ಎಷ್ಟೋ ಸಲ ಹೇಳಿದ್ದೇನೆ. ಬರೆಯಲು ಕೂತಾಗೆಲ್ಲ ಏನಾದರೊಂದು ನೆಪ ಹೂಡಿ ಎದ್ದುಬಿಟ್ಟಿದ್ದೇನೆ. ಕಣ್ಣು ಮಂಜು ಎಂದೆ. ಪೊರೆ ತೆಗೆಸಿದ ಮೇಲೆ ಕೈ ನಡುಗುತ್ತದೆ ಎಂದೆ. ನಿಜವಾದ ಕಾರಣ ಬೇರೆ. ಬಾಯಿಂದ ಹೇಳುವಾಗ ಕೇಳುವವರನ್ನು ಮಾಳಿಗೆಗೆ ಹತ್ತಿಸಿ, ಚಂದ್ರನನ್ನು ತೋರಿಸಿ, ಅಲ್ಲಿಂದಲೇ ಮನೆಗೆ ಕಳಿಸಿಬಿಡಬಹುದು. ಬರೆಯುವಾಗ ಮಾಳಿಗೆಯಿಂದ ಕೆಳಗೆ ಇಳಿಯಲೇಬೇಕಾಗುತ್ತದೆ. ಕೆಳಗೆ ಒಂದು ನೆಲವಿತ್ತು. ಅದು ಕೆಟ್ಟದ್ದು ನನ್ನಿಂದ, ಹೆಸರು ಕೆಟ್ಟದ್ದು ಇನ್ನೊಬ್ಬನದು. ಇಷ್ಟು ದಿನ ತಡಮಾಡಿದೆ. ಇನ್ನು ಮಾಡುವುದಿಲ್ಲ.

ವಾಡಿ ಜಂಕ್ಷನ್

ಆಗ ನಿಜಾಮರ ಆಳ್ವಿಕೆ. ಎರಡನೆಯ ಮಹಾಯುದ್ಧದ ಸುದ್ದಿ ಇನ್ನೂ ಹುಟ್ಟಿರಲಿಲ್ಲ. ಶಹಾಬಾದಿನಲ್ಲಿ ನಮ್ಮದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ. ನಾನು ಗುಲಬರ್ಗಾದಲ್ಲಿ ಹೈಸ್ಕೂಲು ಮುಗಿಸಿ ಬಂದವನು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದ್ದರಿಂದ ಜಗತ್ತಿನಲ್ಲಿ ಗೊತ್ತಿರಬೇಕಾದ್ದೆಲ್ಲ ನನಗೆ ಗೊತ್ತಿದೆ ಎಂದು ನಂಬಿದ್ದೆ.

ಸೇಡಂ ಖಜಾನೆಯ ಕಾವಲಿಗೆ ಅರಬರ ಒಂದು ಪಹರೆ ಇರುತ್ತಿತ್ತು. ಅದರ ಜಮಾದಾರರು ವಯಸ್ಸಾದ ಮೇಲೆ ಸಮುದ್ರದಾಚೆ ತಮ್ಮ ಕಡೆಯ ಏಡನ್ ಪಟ್ಟಣಕ್ಕೆ ಮರಳಿ ಮನೆ ಕಟ್ಟಿಸುತ್ತಿದ್ದರು. ಸೇಡಮಿನ ಬೇಸಿಗೆಯಲ್ಲಿ ಅಂಗಿ ಬಿಚ್ಚಿ ಫರ್ಸಿಯ ಮೇಲೆ ಬೆನ್ನು ಹಚ್ಚಿ ಮಲಗಿದ ಸುಖ ಅವರಿಗೆ ಮರೆತಿರಲಿಲ್ಲ. ಅದೇ ಕಲ್ಲು ಬೇಕು, ಅದನ್ನು ಹಾಕುವವನೂ ಅಲ್ಲಿಂದಲೇ ಬರಬೇಕು ಎಂದು ಅಪ್ಪನಿಗೆ ಹೇಳಿಕಳಿಸಿದರು. ಕಲ್ಲು ಮೊದಲೇ ಹೋಯಿತು. ಹಿಂದಿನಿಂದ ಮೇಲ್ವಿಚಾರಣೆಗೆ ನಾನು, ಕೆಲಸಕ್ಕೆ ಅಂಬಿಗ.

ಅಂಬಿಗ ಎಂದು ನಾವೆಲ್ಲ ಕರೆಯುತ್ತಿದ್ದೆವು. ಭಂಕೂರಿನವನು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಅವನ ಹಿರಿಯರು ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದರು. ಇವನು ಹೊಳೆ ಬಿಟ್ಟು ಗಣಿಗೆ ಬಂದು, ಕಲ್ಲು ಹೊತ್ತು, ಹೊರುತ್ತ ಹೊರುತ್ತಲೇ ನೆಲ ಹಾಕುವುದನ್ನು ಕಲಿತಿದ್ದ. ಕೈ ಚೆನ್ನಾಗಿತ್ತು. ಆದರೆ ಮೇಸ್ತ್ರಿಗಳ ಮನೆತನದಲ್ಲಿ ಹುಟ್ಟಿದವನಲ್ಲವಲ್ಲ, ಯಾರೂ ಅವನಿಗೆ ಮುಂದೆ ನಿಂತು ಮಾಡುವ ಕೆಲಸ ಕೊಡುತ್ತಿರಲಿಲ್ಲ. ಹೊರಡುವ ಮೊದಲು ಅಪ್ಪ ಎಲ್ಲರೆದುರು ಅವನಿಗೆ ಒಂದು ಮಾತು ಕೊಟ್ಟರು.

“ಏಡನ್ನಿನಾಗ ನೆಲ ಮಟ್ಟ ಕೂಡ್ಸಿ ಬಾ. ಸೇಡಂ ಮಠದ ಪಡಸಾಲಿ ಕೆಲಸ ನಿನ್ನ ಕೈಯಾಗ ಕೊಡ್ತೀನಿ. ಅವತ್ತಿನಿಂದ ನೀ ಮೇಸ್ತ್ರಿ.”

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅವನ ಹೆಂಡತಿ ರೊಟ್ಟಿಯ ಗಂಟು ಕೊಡುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಮೇಸ್ತ್ರಿ ಆಗಿ ಬರಂಗಿದ್ರ ಬರ್ರಿ. ಇಲ್ಲಾಂದ್ರ ಅಲ್ಲೇ ಒಂಟಿ ಕಾಯ್ಕೋತ ಇದ್ದುಬಿಡ್ರಿ.”

“ಒಂಟಿ ನಿನ್ನಷ್ಟು ಬೈಯಂಗಿಲ್ಲ, ಅಲ್ಲೇ ಆರಾಮ,” ಎಂದ ಅವನು. ಗಾಡಿ ಹೊರಟಿತು.

ಹಡಗು

ನಮ್ಮ ಸಂಸ್ಥಾನದವರಿಗೆ ಆಗ ಮುಂಬಯಿಯೇ ಪರದೇಶ. ಗಡಿಯಲ್ಲಿ ಸುಂಕದ ಕರೋಡಗಿರಿಯವರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ನಮ್ಮ ಸಿಕ್ಕಾ ನಾಣ್ಯ ಅಲ್ಲಿ ನಡೆಯುತ್ತಿರಲಿಲ್ಲ. ಏಡನ್ ಆಗ ಮುಂಬಯಿ ಸರ್ಕಾರದ ಕೈಕೆಳಗೇ ಇದ್ದುದರಿಂದ, ಮುಂಬಯಿ ಪರದೇಶವಾದರೆ ಏಡನ್ ಅದರ ಹಿತ್ತಲು ಎಂಬ ಲೆಕ್ಕದಲ್ಲಿ ನಾನು ಧೈರ್ಯವಾಗಿ ಹಡಗು ಹತ್ತಿದೆ. ಆ ಹಿತ್ತಲು ಎಷ್ಟು ದೂರವಿದೆಯೆಂದು ಹೊಟ್ಟೆಗೆ ಗೊತ್ತಾಯಿತು. ದಂಡೆ ಕಣ್ಮರೆಯಾದದ್ದೇ ತಡ, ಕಂಬಿ ಹಿಡಿದು ವಾಂತಿ ಮಾಡಲು ಶುರುಮಾಡಿದೆ.

ಅಂಬಿಗನಿಗೆ ಏನೂ ಆಗಲಿಲ್ಲ. ನನ್ನ ಹಣೆ ಹಿಡಿದು ನಿಂತು, “ಸಣ್ ಸಾವಕಾರ್ರ, ಹರಗೋಲಾದ್ರ ಗರಗರ ತಿರಗ್ತದ. ಇದು ಸೀದಾ ಹೊಂಟದ. ನಿಮ್ಮ ತಲಿ ಯಾಕ ತಿರಗಾಕತ್ತದ?” ಎಂದ.

“ಬಾಯಿ ಮುಚ್ಚು.”

“ನಾ ಮುಚ್ತೀನಿ. ಮೊದಲ ನಿಮ್ಮದು ಮುಚ್ಚಲಿ.”

ಸುತ್ತಲಿದ್ದವರಿಗೆ ಭಾಷೆ ತಿಳಿಯದಿದ್ದರೂ ನಕ್ಕರು. ಉಪ್ಪು ಹಚ್ಚಿದ ನಿಂಬೆ ಹೋಳು ಎಲ್ಲಿಂದಲೋ ತಂದು ನನ್ನ ಬಾಯಿಗಿಟ್ಟ. ನನ್ನ ಅಂಗಿಯನ್ನು ಅವನೇ ಒಗೆದು ಹರವಿದ. ಏಡನ್ ಮುಟ್ಟುವವರೆಗೂ ಅವನಿಲ್ಲದಿದ್ದರೆ ನಾನು ಎದ್ದು ಕೂರುತ್ತಿರಲಿಲ್ಲ.

ಬೆಂಕಿಬೆಟ್ಟದ ಹೊಟ್ಟೆ

ಏಡನ್ ಕಂಡಾಗ ಯಾರೋ ಸುಟ್ಟ ಬೆಟ್ಟವೊಂದನ್ನು ತಂದು ಸಮುದ್ರಕ್ಕೆ ಎಸೆದಂತೆ ಅನ್ನಿಸಿತು. ಹಸಿರೆಂಬುದು ಹುಡುಕಿದರೂ ಇಲ್ಲ. ಊರಿನ ಹಳೆಯ ಭಾಗವಿರುವುದು ಸತ್ತ ಜ್ವಾಲಾಮುಖಿಯ ಬಾಯೊಳಗೆ. ಸುತ್ತಲೂ ಕಪ್ಪು ಗೋಡೆ, ನಡುವೆ ತಗ್ಗಿನಲ್ಲಿ ಬಿಳಿ ಮನೆಗಳು, ಮೇಲೆ ಸುತ್ತುವ ಹದ್ದುಗಳು. ಜನ ಅಲ್ಲಿ ಬೇಳೆ ಬೇಯಿಸುತ್ತಾರೆ, ಮಕ್ಕಳನ್ನು ಬೈಯುತ್ತಾರೆ, ಮಧ್ಯಾಹ್ನ ಕೆನ್ನೆಯಲ್ಲಿ ಅಲ್ಲಿಯ ಅಮಲಿನ ಎಲೆ ತುಂಬಿಕೊಂಡು ಜಗಿಯುತ್ತ ಕೂರುತ್ತಾರೆ. ತಾವು ಬೆಂಕಿಬೆಟ್ಟದ ಹೊಟ್ಟೆಯಲ್ಲಿದ್ದೇವೆಂಬ ಪರಿವೆ ಯಾರಿಗೂ ಇಲ್ಲ. ಕುಡಿಯುವ ನೀರು ಒಂಟೆಯ ಮೇಲೆ ಬರುತ್ತದೆ. ನಮ್ಮಲ್ಲಿ ಮನೆಗೆ ಬಂದವರಿಗೆ ಚೊಂಬು ತುಂಬ ನೀರು ಕೊಡುತ್ತೇವೆ; ಅಲ್ಲಿ ಸಣ್ಣ ಬಟ್ಟಲಿನಲ್ಲಿ ಕೊಟ್ಟು, ನೀವು ಕುಡಿದು ಮುಗಿಸುವವರೆಗೆ ಗೌರವದಿಂದ ನೋಡುತ್ತಾರೆ.

ಜಮಾದಾರರು ಬಾಗಿಲಲ್ಲೇ ನಿಂತಿದ್ದರು. ನೆರೆತ ಗಡ್ಡ, ಸೊಂಟದಲ್ಲಿ ಬಾಗಿದ ಕತ್ತಿ. ನಾನು ಹೈಸ್ಕೂಲಿನ ಉರ್ದುವನ್ನೆಲ್ಲ ಒಟ್ಟುಗೂಡಿಸಿ ಸಲಾಮು ಹೇಳುವಷ್ಟರಲ್ಲಿ ಅವರು ಸೇಡಮಿನ ಬಜಾರದ ಕನ್ನಡದಲ್ಲಿ ಕೂಗಿದರು:

“ಬರ್ರಿ ಬರ್ರಿ, ಕುಂದ್ರಿ! ಈ ಸಲ ಸೇಡಮಿನಾಗ ಜ್ವಾಳ ಹ್ಯಾಂಗ ಅವ? ತೊಗರಿ ಏನಾತು?”

ಅರಬಸ್ಥಾನದಲ್ಲಿ ತೊಗರಿಯ ಯೋಗಕ್ಷೇಮ ಕೇಳಿದವರು ಅವರೊಬ್ಬರೇ ಇರಬೇಕು. ಅಂಬಿಗನಿಗೆ ಖುಷಿ ತಡೆಯಲಿಲ್ಲ. ಗಂಟಿನಲ್ಲಿ ಉಳಿದಿದ್ದ ಒಣ ರೊಟ್ಟಿ ತೆಗೆದು ಕೊಟ್ಟ. ಜಮಾದಾರರು ಅದನ್ನು ಕಣ್ಣಿಗೊತ್ತಿಕೊಂಡು, ಮುರಿದು, ಚಹಾದಲ್ಲಿ ಅದ್ದಿ ತಿಂದರು.

ಮರುದಿನ ಬೆಟ್ಟ ನೋಡಲು ಹೋದೆ. ಕಲ್ಲು ಹೇಗೆ ಹರಿದಿತ್ತೆಂದು ಕಣ್ಣಿಗೆ ಕಾಣುವಂತಿತ್ತು. ಒಂದು ಕಡೆ ಹಗ್ಗ ಸುತ್ತಿದಂತೆ ಮಡಿಕೆ ಮಡಿಕೆ. ಇನ್ನೊಂದು ಕಡೆ ಒಡೆದು ಚೂರಾದ ಇಟ್ಟಂಗಿಯ ರಾಶಿಯಂತೆ. ಅದರ ಮೇಲೆ ಗಟ್ಟಿಯಾಗಿ ಹೆಜ್ಜೆಯಿಟ್ಟೆ. ಹೊಸ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಅಂಬಿಗ ಬರಿಗಾಲಲ್ಲಿ ಹಿಂದೆಯೇ ಬಂದಿದ್ದ. ಒಂದು ಕಪ್ಪು ತುಂಡನ್ನು ಕೈಯಲ್ಲಿ ತೂಗಿ, “ಇದು ಚಿಂಚೋಳಿ ಕಡಿ ಕಲ್ಲಲ್ರಿ?” ಎಂದ.

ನಿಜ. ನಮ್ಮ ಶಹಾಬಾದ್, ಸೇಡಂ ಕಡೆಯ ಕಲ್ಲು ಜೋಳದ ರೊಟ್ಟಿಯ ಅಡಕಿನಂತೆ ಪದರ ಪದರ. ಉಳಿಯಿಟ್ಟು ಎಬ್ಬಿಸಿದರೆ ಹಾಳೆಯಂತೆ ಏಳುತ್ತದೆ. ಚಿಂಚೋಳಿಯ ಕಡೆ ಹೋದರೆ ಕಲ್ಲು ಕಪ್ಪಾಗುತ್ತದೆ, ಪದರವಿಲ್ಲ, ಗುಡ್ಡಗಳು ಮೆಟ್ಟಿಲು ಕಡಿದಂತೆ ನಿಂತಿರುತ್ತವೆ. ಅದೂ ಒಂದು ಕಾಲಕ್ಕೆ ಹೀಗೆಯೇ ಹರಿದು ಬಂದು ಆರಿದ್ದು. ಅದು ಪುಡಿಯಾಗಿಯೇ ನಮ್ಮ ಎರೆಭೂಮಿಯಾದದ್ದು. ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ಅಂಬಿಗನಿಗೆ ವಿಸ್ತಾರವಾಗಿ ಹೇಳಿದೆ. ಅವನು ಕೇಳಿದ, ನನ್ನ ಬೂಟಿಗೆ ದಾರ ಕಟ್ಟಿಕೊಟ್ಟ.

ಬಾವಾಜಿಯ ದುರ್ಬೀನು

ಜಮಾದಾರರ ಪಕ್ಕದ ಮನೆ ಒಬ್ಬ ಪಾರಸಿ ಮುದುಕರದು. ಹಡಗುಗಳ ಗಡಿಯಾರ ರಿಪೇರಿ ಮಾಡಿ ಬದುಕಿದವರು, ಈಗ ಬಿಡುವಾಗಿದ್ದರು. ಎಲ್ಲರೂ ಬಾವಾಜಿ ಎನ್ನುತ್ತಿದ್ದರು. ಸೂರ್ಯ ಮುಳುಗಿದೊಡನೆ ಮಾಳಿಗೆಯ ಮೇಲೆ ಹಿತ್ತಾಳೆಯ ದೊಡ್ಡ ದುರ್ಬೀನು ಇಟ್ಟು ಯಾರು ಬಂದರೂ ಚಂದ್ರನನ್ನು ತೋರಿಸುತ್ತಿದ್ದರು. ಒಂದೇ ನಿಯಮ. ನೋಡಿದ ಮೇಲೆ “ಚೆನ್ನಾಗಿದೆ” ಎನ್ನಬಾರದು. ಏನು ಕಂಡಿತೆಂದು ಹೇಳಬೇಕು. ಹೇಳಲಾಗದವರನ್ನು ಸ್ಟೂಲಿನಿಂದ ಎಬ್ಬಿಸಿಬಿಡುತ್ತಿದ್ದರು. ಅವರ ಮಾತು ಹಿಂದುಸ್ತಾನಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲ ಸಂಜೆ ನಾನೂ ಎಬ್ಬಿಸಿಕೊಂಡೆ. ಕಣ್ಣಿಟ್ಟಾಗ ಹೊಳೆಯುವುದೇನೋ ಒಂದು ಪಕ್ಕಕ್ಕೆ ಜಾರಿ ಮಾಯವಾಯಿತು. “ಚಂದ್ರ ಓಡಿಹೋದ,” ಎಂದೆ. “ಓಡಿದ್ದು ನೀವು ನಿಂತಿರುವ ಭೂಮಿ, ಜೊತೆಗೆ ನಿಮ್ಮ ಮೊಣಕೈ,” ಎಂದರು ಬಾವಾಜಿ. ಎರಡನೆಯ ಸಂಜೆ ಮೊಲವನ್ನು ಹುಡುಕಿದೆ; ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು, ಕಂಡಷ್ಟು ಮೊಲವೂ ಕಾಲು ಮೇಲೆ ಮಾಡಿತ್ತು. ಮೂರನೆಯ ಸಂಜೆಯಿಂದ ಕಣ್ಣು ಪಳಗಿತು.

ನಾವು ಮೊಲವೆನ್ನುವುದು, ಇನ್ನು ಕೆಲವರು ಜಿಂಕೆಯೆನ್ನುವುದು, ಚಂದ್ರನ ಮೇಲಿನ ಕಪ್ಪು ಬಯಲುಗಳನ್ನು. ಹಿಂದಿನ ಕಾಲದ ವಿದೇಶಿ ಪಂಡಿತರು ಅವನ್ನು ಸಮುದ್ರಗಳೆಂದು ತಿಳಿದು ಹೆಸರಿಟ್ಟರಂತೆ: ಪ್ರಶಾಂತ ಸಮುದ್ರ, ಮಳೆಯ ಸಮುದ್ರ, ಕಾಮನಬಿಲ್ಲಿನ ಕೊಲ್ಲಿ. ಒಂದು ಹನಿ ನೀರಿಲ್ಲ. ಒಳಗಿನಿಂದ ಉಕ್ಕಿ ಬಂದ ಕರಗಿದ ಕಲ್ಲು ತಗ್ಗುಗಳನ್ನು ತುಂಬಿ, ಹರಡಿ, ಆರಿ ನಿಂತದ್ದು ಅದು. ಕೆಲವು ಕಡೆ ದುಂಡಗಿನ ಕುಳಿಗಳ ದಂಡೆ ಮಾತ್ರ ಬಯಲಿನ ಮೇಲೆ ಕಾಣುತ್ತಿತ್ತು, ಹಳೆಯ ಬಾವಿಗೆ ಹೂಳು ತುಂಬಿ ಸುತ್ತಿನ ಕಲ್ಲಷ್ಟೇ ಉಳಿದಂತೆ. ಆ ಕುಳಿ ಮೊದಲು, ಹರಿದು ಬಂದ ಕಲ್ಲು ಆಮೇಲೆ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ.

ಕುಳಿಗಳ ವಿಷಯದಲ್ಲಿ ಬಾವಾಜಿ ಯಾರ ಮಾತೂ ಕೇಳುತ್ತಿರಲಿಲ್ಲ. ಆಕಾಶದಿಂದ ಕಲ್ಲು ಬಿದ್ದು ಆದವು ಎಂದು ಕೆಲವರು ವಾದಿಸುತ್ತಿದ್ದರಂತೆ. “ಸುಳ್ಳು. ಎಲ್ಲ ಜ್ವಾಲಾಮುಖಿಯ ಬಾಯಿಗಳೇ. ನಾನು ಒಂದರಲ್ಲಿ ಮನೆ ಮಾಡಿಕೊಂಡಿದ್ದೇನೆ, ನನಗೆ ಗೊತ್ತಿಲ್ಲವೇ?” ಎನ್ನುತ್ತಿದ್ದರು.

ದಾರದ ಎರಡು ತುದಿ

ನಮ್ಮ ಮನೆಯ ಕಲ್ಲು ಹೋದಲ್ಲೆಲ್ಲ ನೆಲ ಹಾಕಲು ಒಂದು ಕಟ್ಟಳೆಯಿತ್ತು. ಸಂಜೆ ಸುಣ್ಣದ ಗಚ್ಚು ಹಾಸಿ ಫರ್ಸಿಗಳನ್ನು ತುಸು ಎತ್ತರಕ್ಕೇ ಕೂರಿಸಿ ಬಿಡುವುದು. ಸುಣ್ಣಕ್ಕೆ ಮೊರಂ ಎಂಬ ಗರಸು ಮಣ್ಣು ಬೆರೆಸಿದ ನಮ್ಮ ಗಚ್ಚು ಮರುದಿನದವರೆಗೂ ಮೆತ್ತಗಿರುತ್ತದೆ. ಬೆಳಗಿನ ತಂಪಿನಲ್ಲಿ ದಾರ ಎಳೆದು, ಮರದ ಕೊಡತಿಯಿಂದ ತಟ್ಟಿ ತಟ್ಟಿ ಮಟ್ಟ ಮಾಡುವುದು. ದಾರದ ಒಂದು ತುದಿ ಕಲ್ಲು ಹಾಕುವವನ ಕೈಯಲ್ಲಿ, ಇನ್ನೊಂದು ತುದಿ ಕಲ್ಲು ಕೊಟ್ಟವರ ಕೈಯಲ್ಲಿ. ಇಬ್ಬರೂ ಹಿಡಿಯದೆ ಕೊಡತಿ ಎತ್ತುವಂತಿಲ್ಲ. ಮುಂದೆ ನೆಲ ತಗ್ಗು ದಿಣ್ಣೆಯಾದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು.

ಏಡನ್ನಿನಲ್ಲಿ ಮೊರಂ ಸಿಗಲಿಲ್ಲ. ಅಲ್ಲಿಯವರು ಸುಣ್ಣಕ್ಕೆ ಬೆಟ್ಟದ ಬೂದಿಮಣ್ಣು ಬೆರೆಸಿ ಗೋಡೆ ಕಟ್ಟುತ್ತಿದ್ದರು. ಬೆಂಕಿಬೆಟ್ಟದ ಬೂದಿ ಸೇರಿದರೆ ಗಚ್ಚು ನೀರಿನಲ್ಲಿಯೂ ಗಟ್ಟಿಯಾಗುತ್ತದೆಂದು ಬಾವಾಜಿ ಹೇಳಿದ್ದರು. ನನಗೆ ಅಷ್ಟು ಸಾಕಾಯಿತು.

“ಏ ಅಂಬಿಗ, ಬೂದೀನೇ ಹಾಕು. ಕಬ್ಬಿಣದಂಗ ಆಗ್ತದ.”

“ಕಬ್ಬಿಣ ಆಗೋದು ಖರೇ ಇರಬಹುದ್ರಿ. ಎಷ್ಟೊತ್ತಿಗಿ ಆಗ್ತದ ಅನ್ನೋದು ಬ್ಯಾಡೇನು? ಒಂದು ಮೂಲ್ಯಾಗ ನಾಕು ಕಲ್ಲು ಹಾಕಿ ನೋಡೋಣ್ರಿ. ಒಂದಿನ ಹೋದ್ರ ಹೋಗಲಿ.”

“ಹೊಳಿ ಇಳೀಲಿ ಅಂತ ದಂಡಿಮ್ಯಾಲ ಕುಂತು ಕಾಯೋ ಚಾಳಿ ಬಿಡು. ಸಾಲಿ ಕಲ್ತವ ನಾನೋ ನೀನೋ?”

ಅವನು ನಕ್ಕ. “ಸಾಲಿ ಕಲ್ತವ್ರು ನೀವೇ ಬಿಡ್ರಿ. ಗಚ್ಚು ಸಾಲಿಗಿ ಹೋಗಿಲ್ಲ, ಅದಕ್ಕ ಹೇಳ್ದೆ.”

ನಾನು ನಗಲಿಲ್ಲ. ಬೂದಿಯನ್ನೇ ಹಾಕಿಸಿದೆ. ಬಿಸಿಲು ಇಳಿದ ಮೇಲೆ ಕೆಲಸ ಶುರುವಾಗಿ, ಸೂರ್ಯ ಮುಳುಗುವ ಹೊತ್ತಿಗೆ ಪಡಸಾಲೆಯ ತುಂಬ ಫರ್ಸಿ ಕೂತಿತ್ತು. ಊರ ಕಟ್ಟಳೆಯಂತೆ ಮುಂಜಾನೆ ದಾರ ಹಿಡಿಯೋಣವೆಂದು ಹೇಳಿ ನಾನು ಬಾವಾಜಿಯ ಮಾಳಿಗೆ ಹತ್ತಿದೆ.

ಅರ್ಧ ಚಂದ್ರ

ಅಂದು ಚಂದ್ರ ಸರಿಯಾಗಿ ಅರ್ಧ. ಬಾವಾಜಿ ಆ ಸಂಜೆಗಾಗಿಯೇ ಕಾದಿದ್ದರು. ಬೆಳಕು ಕತ್ತಲೆ ಸೇರುವ ಗೆರೆಯ ಬಳಿ ಬಿಸಿಲು ಓರೆಯಾಗಿ ಬೀಳುತ್ತದೆ, ಒಂದು ಸಣ್ಣ ಉಬ್ಬಿಗೂ ಉದ್ದ ನೆರಳು. ನಾಳೆ ಬಿಸಿಲು ಮೇಲೇರಿದರೆ ಅದೇ ಉಬ್ಬು ಕಾಣದು. ಕಣ್ಣಿಟ್ಟೆ. ಕಪ್ಪು ಬಯಲೊಂದರ ಮೇಲೆ, ಗೆರೆಯ ಅಂಚಿನಲ್ಲಿ, ಹಾವು ಹರಿದಂತೆ ಉದ್ದನೆಯ ಮಡಿಕೆ. ಆರುತ್ತಿರುವ ಹಾಲಿನ ಕೆನೆಯನ್ನು ಬೆರಳಿಂದ ತಳ್ಳಿದರೆ ಏಳುವ ಸುಕ್ಕು ನೋಡಿದ್ದೀರಲ್ಲ, ಹಾಗೆ. ಇಡೀ ಬಯಲು ಒಮ್ಮೆ ಹರಿದದ್ದು, ಆಮೇಲೆ ನಿಂತದ್ದು ಎಂದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅನ್ನಿಸಿರಲಿಲ್ಲ.

ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಅಂಬಿಗ, ಕೈಯಲ್ಲಿ ದಾರದ ಉಂಡೆ.

“ಸಣ್ ಸಾವಕಾರ್ರ, ಕೆಳಗ ಬರ್ರಿ. ಕಂದೀಲು ನೆಲಕ್ಕಿಟ್ಟು ನೋಡ್ದೆ. ಅಲ್ಲಲ್ಲಿ ಎದ್ದದ. ಗಚ್ಚು ಆಗಲೇ ಬಿಗಿಯಾಕತ್ತದ.”

“ಮುಂಜಾನೆ ನೋಡೋಣ.”

“ಮುಂಜಾನಿಗಿ ಅದು ಕಲ್ಲಾಗಿರ್ತದ್ರಿ.”

ಬಾವಾಜಿಗೆ ಹೊಸಬರು ಸಿಕ್ಕರೆ ಸಾಕು. ಅವನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟರು. ಅವನು ಒಂದು ಕಣ್ಣು ಮುಚ್ಚಿ ನೋಡಿದ.

“ಏನು ಕಂಡಿತು ಕೇಳಿ,” ಎಂದರು ಬಾವಾಜಿ ನನಗೆ.

“ನೆಲ ಕಂಡ್ತು,” ಎಂದ ಅಂಬಿಗ. “ಇಲ್ಲೂ ಯಾರೋ ಕಂದೀಲು ನೆಲಕ್ಕಿಟ್ಟಾರ, ಎಬಡತೊಬಡ ಎಲ್ಲ ಕಾಣ್ತದ. ಹಾಕಿದವ ಮಟ್ಟ ಮಾಡದೇ ಎದ್ದು ಹೋಗ್ಯಾನ. ಗಚ್ಚು ಬಿಗೀತು, ಮೇಸ್ತ್ರಿ ಬರಲೇ ಇಲ್ಲ.”

ಅದನ್ನು ಹಿಂದುಸ್ತಾನಿಯಲ್ಲಿ ಹೇಳಿದೆ. ಬಾವಾಜಿ ಕೈ ತಟ್ಟಿ ನಕ್ಕರು. ಇಷ್ಟು ವರ್ಷದಲ್ಲಿ ಈ ಸ್ಟೂಲಿನ ಮೇಲೆ ಕೂತವರಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ಇಂದು ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

“ನಗಬ್ಯಾಡ್ರಿ ಅನ್ರಿ ಅವರಿಗಿ,” ಎಂದ ಅಂಬಿಗ ಎದ್ದು. “ನಮ್ಮದೂ ಹಂಗೇ ಆಗ್ತದ. ಒಂದು ತುದಿ ಹಿಡೀರಿ ಸಾಕು, ಉಳಿದದ್ದು ನಾ ಮಾಡ್ತೀನಿ.”

“ಹೋಗು ಅಂದ್ರ ಹೋಗು. ತಲಿ ತಿನ್ನಬ್ಯಾಡ.”

ಅವನು ಹೋದ. ನಾನು ಮತ್ತೆ ಕಣ್ಣಿಟ್ಟೆ.

ಪಡಸಾಲೆ

ಬೆಳಿಗ್ಗೆ ದಾರ ಹಿಡಿದೆವು. ಕೊಡತಿ ಬಿದ್ದಲ್ಲೆಲ್ಲ ಬಂಡೆಗೆ ಬಡಿದ ಸದ್ದು. ಒಂದು ಫರ್ಸಿಯೂ ಕೂದಲೆಳೆಯಷ್ಟು ಕದಲಲಿಲ್ಲ. ಜಮಾದಾರರು ಬಂದು ಒಂದು ಬಟ್ಟಲು ನೀರು ಚೆಲ್ಲಿದರು, ಆ ಊರಿನಲ್ಲಿ ನೀರು ಚೆಲ್ಲಿದರು. ಅದು ಬಾಗಿಲ ಕಡೆ ಹೋಗಲಿಲ್ಲ. ನಡುವೆ ಮಡುವಾಗಿ ನಿಂತಿತು.

“ಇದೇನ್ರೀ? ನಮ್ಮ ಮನ್ಯಾಗ ಹಳ್ಳ ನಿಂತದ. ಬೂದಿ ಯಾರು ಹಾಕಿದ್ರು? ಬೂದಿ ಹಾಕಿದ ಮ್ಯಾಲ ಅವತ್ತ ರಾತ್ರೀನೇ ಮಟ್ಟ ಮಾಡಬೇಕು, ಅದು ಯಾರಿಗೂ ಗೊತ್ತಿರಲಿಲ್ಲೇನು?”

ಕೇಳಿದ್ದರೆ ಅವರೇ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ. ಧ್ವನಿ ಸ್ವಲ್ಪವೂ ನಡುಗದಂತೆ ಹೇಳಿದೆ:

“ಇವನೇ ಹಾಕ್ಯಾನ್ರಿ. ನಾ ಬ್ಯಾಡ ಅಂದಿದ್ದೆ. ರಾತ್ರಿ ನನ್ನ ಕರೀಲೂ ಇಲ್ಲ.”

ಅಂಬಿಗ ದಾರದ ಆ ತುದಿಯಲ್ಲಿದ್ದ. ನನ್ನನ್ನೇ ನೋಡಿದ. ಬಾಯಿ ತೆರೆಯುತ್ತಾನೆಂದುಕೊಂಡೆ. ಧಣಿಯ ಮಗನ ಮಾತಿಗೆ ಎದುರಾಡಿದರೆ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಅವನು ಆ ಲೆಕ್ಕ ಹಾಕಿರಬೇಕು. ಕೈಯಲ್ಲಿದ್ದ ತುದಿಯನ್ನು ಬಿಟ್ಟ. ದಾರ ಸಡಿಲವಾಗಿ ನನ್ನ ಕಾಲ ಬಳಿ ಬಿತ್ತು.

“ತಪ್ಪಾತ್ರಿ ಸಾಹೇಬರ,” ಎಂದ.

ಜಮಾದಾರರು ಬೈಯಲಿಲ್ಲ. ಮುಖ ಬಾಡಿತು. “ಮುಖ ನೋಡಿದ್ರ ಮೇಸ್ತ್ರಿ ಇದ್ದಾಂಗ ಇತ್ತು,” ಎಂದಷ್ಟೇ ಅವನಿಗೆ ಹೇಳಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಎದ್ದ ಕಲ್ಲುಗಳನ್ನಾದರೂ ಕೀಳುತ್ತೇನೆಂದು ಅವನು ಉಳಿ ಹಿಡಿದ. ಫರ್ಸಿ ಒಡೆಯಿತೇ ಹೊರತು ಗಚ್ಚು ಬಿಡಲಿಲ್ಲ. ಆದರೂ ಸಂಜೆಗಳಲ್ಲಿಯೂ ಮಾಡುತ್ತಿದ್ದ. ನಾನು ಮಾಳಿಗೆಗೆ ಹೋಗುವುದನ್ನು ಬಿಡಲಿಲ್ಲ. ಚಂದ್ರ ತುಂಬುತ್ತಿದ್ದ. ನನ್ನ ಬಾಯಿಂದ ಜನ ಮತ್ತೆ ಮತ್ತೆ ಕೇಳಿರುವ ಸಂಗತಿಗಳನ್ನು ನೋಡಿದ್ದು ಆ ಸಂಜೆಗಳಲ್ಲೇ: ಮಳೆಯ ಸಮುದ್ರದ ಅಗಾಧ ಬಯಲು, ತಟ್ಟೆ ಬೋರಲು ಹಾಕಿದಂಥ ತಗ್ಗು ದಿಬ್ಬಗಳು, ಒಂದೆರಡರ ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು, ಕಣ್ಣು ಕೋರೈಸುವ ಒಂದು ಕುಳಿಯ ಪಕ್ಕದಲ್ಲಿ ನಾಗರ ಹೆಡೆಯಂತೆ ಅಗಲವಾಗಿ ಶುರುವಾಗಿ, ಹೊರಳುತ್ತ ಸಣ್ಣದಾಗುತ್ತ ಬಯಲಿನಲ್ಲಿ ಕರಗಿಹೋಗುವ ಕಾಲುವೆ. ಕರಗಿದ ಕಲ್ಲು ಹರಿದು ಕೊರೆದ ದಾರಿ ಅದು ಎಂದರು ಬಾವಾಜಿ. ಅದನ್ನು ನೋಡುವಾಗ ಕೆಳಗಿನಿಂದ ಅಂಬಿಗನ ಉಳಿಯ ಸದ್ದು ಬರುತ್ತಲೇ ಇತ್ತು. ಊರಿನಲ್ಲಿ ಕಾಲುವೆಯನ್ನು ವರ್ಣಿಸುವಾಗ ಆ ಸದ್ದನ್ನು ನಾನು ಎಂದೂ ಸೇರಿಸಲಿಲ್ಲ.

ಕೊನೆಗೆ ಜಮಾದಾರರೇ ನಿಲ್ಲಿಸಿದರು. “ಬಿಡ್ರಿ, ಮ್ಯಾಲ ಜಮಖಾನಿ ಹಾಸ್ತೀನಿ.” ಬರಿಬೆನ್ನು ಹಚ್ಚಿ ಮಲಗಲು ಕಲ್ಲು ತರಿಸಿದವರು ಜಮಖಾನೆ ಹಾಸಿಕೊಂಡರು.

ಮತ್ತೆ ವಾಡಿ

ಬರುವಾಗ ಹಡಗಿನಲ್ಲಿ ನನಗೆ ವಾಂತಿಯಾಗಲಿಲ್ಲ. ಅಂಬಿಗ ಬೇರೆ ಕಡೆ ಕೂತು ಬೇರೆಯವರೊಂದಿಗೆ ಉಣ್ಣುತ್ತಿದ್ದ. ಮುಂಬಯಿ ಹತ್ತಿರವಾದಾಗ ತಾನಾಗಿಯೇ ಬಂದ.

“ಅಲ್ಲಿ ಆದದ್ದು ಆತು. ನಿಮ್ಮ ಅಪ್ಪಾರ ಮುಂದಾದ್ರೂ ಖರೇ ಹೇಳ್ರಿ. ನನಗ ಆ ಪಡಸಾಲಿ ಬೇಕು.”

“ಹೇಳ್ತೀನಿ.”

“ಆಣಿ ಬ್ಯಾಡ. ಹೇಳ್ರಿ ಅಷ್ಟ.”

ಹೇಳಬೇಕೆಂದೇ ಇದ್ದೆ. ವಾಡಿಯಲ್ಲಿ ನಾವು ಇಳಿದೊಡನೆ ಅಪ್ಪ ಕೇಳಿದರು: “ನೆಲ ಮಟ್ಟ ಕೂತದೇನು?” ಅಂಬಿಗ ಗಂಟು ಹೊತ್ತು ಪಕ್ಕದಲ್ಲೇ ನಿಂತಿದ್ದ. ನಾನು ಬಾಯಿ ತೆರೆದೆ, ಬಂದದ್ದು ಚಂದ್ರ. “ಅಪ್ಪಾ, ಚಂದ್ರಾಮನ ಮ್ಯಾಲ ನಮ್ಮ ಚಿಂಚೋಳಿಯಂಥ ಕರಿ ನೆಲ ಅದ…” ಎಂದು ಶುರುಮಾಡಿದೆ. ಅಪ್ಪ ಬೆರಗಾದರು. ಪ್ಲಾಟ್‌ಫಾರ್ಮಿನಲ್ಲಿದ್ದ ಪರಿಚಯದವರು ಸುತ್ತ ನೆರೆದರು. ಮಡಿಕೆ, ದಿಬ್ಬ, ಕಾಲುವೆ, ಎಲ್ಲ ಹೇಳಿದೆ. “ಹಾಕಿದವ ಮಟ್ಟ ಮಾಡದೆ ಎದ್ದುಹೋದ ನೆಲದಂತಿದೆ” ಎಂಬ ಮಾತನ್ನೂ ನನ್ನದೆಂಬಂತೆ ಹೇಳಿದೆ. ಎಲ್ಲರೂ ನಕ್ಕರು. ಆ ಮಾತಿನ ಒಡೆಯ ಪಕ್ಕದಲ್ಲೇ ನಿಂತು ನನ್ನ ಮುಂದಿನ ವಾಕ್ಯಕ್ಕಾಗಿ ಕಾಯುತ್ತಿದ್ದ.

ಮನೆಗೆ ಹೋದ ಮೇಲೆ ಅಪ್ಪ ಮತ್ತೆ ಕೇಳಿದಾಗ, “ಅಂಬಿಗ ಅವಸರ ಮಾಡಿ ಕೆಡಿಸಿದ,” ಎಂದೆ. ಸೇಡಮಿನ ಪಡಸಾಲೆ ಬೇರೊಬ್ಬರಿಗೆ ಹೋಯಿತು. ಅವನು ವಾಡಿಯಲ್ಲಿ ವ್ಯಾಗನ್ನುಗಳಿಗೆ ಕಲ್ಲು ತುಂಬುವ ಕೆಲಸಕ್ಕೆ ಸೇರಿದ.

ಚಿತ್ತಾಪುರ

ನಿಜಾಮರ ಆಳ್ವಿಕೆ ಹೋಯಿತು. ನನಗೆ ಚಂದ್ರನನ್ನು ಕಂಡು ಬಂದವರೆಂಬ ಹೆಸರು ನಿಂತಿತು. ಶಾಲೆಗಳಲ್ಲಿ ಕರೆಸಿ ಮಾತಾಡಿಸುತ್ತಿದ್ದರು. ಭಂಕೂರು ಶಹಾಬಾದಿನಿಂದ ದೂರವಿಲ್ಲ. ಮನಸ್ಸಿದ್ದರೆ ಯಾವ ದಿನವಾದರೂ ನಡೆದು ಹೋಗಬಹುದಿತ್ತು. ಒಮ್ಮೆ ರಸ್ತೆಯಲ್ಲಿ ಅವನೇ ಎದುರಾದ. ಬೆನ್ನು ಬಾಗಿತ್ತು. “ಸಾವಕಾರ್ರ, ಚಂದ್ರಾಮ ಆರಾಮ ಇದ್ದಾನೇನ್ರಿ?” ಎಂದು ಕೇಳಿದ. ನಾನು ನಕ್ಕಂತೆ ಮಾಡಿ ಮುಂದೆ ಹೋದೆ. ಆಮೇಲೆ ಕೆಲವು ವರ್ಷಕ್ಕೆ ಅವನು ತೀರಿಕೊಂಡ. ನಾನು ಮಣ್ಣಿಗೂ ಹೋಗಲಿಲ್ಲ.

ಮನುಷ್ಯರು ಚಂದ್ರನ ಮೇಲೆ ಇಳಿದು ಕಲ್ಲು ತಂದಾಗ ಚಿತ್ತಾಪುರದ ವಾಚನಾಲಯದಲ್ಲಿ ಸಭೆ ಮಾಡಿ ನನ್ನನ್ನು ಕೂರಿಸಿದರು. ಆಗ ನನಗೆ ಹೆಮ್ಮೆಯೋ ಹೆಮ್ಮೆ. ಕಪ್ಪು ಬಯಲಿನಿಂದ ತಂದದ್ದು ಹರಿದು ಆರಿದ ಕಪ್ಪು ಕಲ್ಲೇ, ನಮ್ಮ ಚಿಂಚೋಳಿಯ ಕಲ್ಲಿನ ಕುಲದ್ದೇ. ಆದರೆ ನಮ್ಮದು ಅದರ ಮುಂದೆ ನಿನ್ನೆಯ ಕೂಸು. ಅದು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು. ಕುಳಿಗಳಲ್ಲಿ ಹೆಚ್ಚಿನವು ಮಾತ್ರ ಮೇಲಿನಿಂದ ಬಿದ್ದ ಬಂಡೆಗಳಿಂದ ಆದವಂತೆ. ಬಾವಾಜಿ ಅರ್ಧ ಗೆದ್ದರು, ಅರ್ಧ ಸೋತರು. ಬದುಕಿದ್ದರೆ ಸೋತದ್ದನ್ನು ಒಪ್ಪುತ್ತಿರಲಿಲ್ಲ.

ಸಭೆಯ ಕೊನೆಯಲ್ಲಿ ಒಬ್ಬ ಹೆಣ್ಣುಮಗಳು, ಅಲ್ಲಿಯ ಶಾಲೆಯ ಟೀಚರು, ಎದ್ದು ಕೇಳಿದರು: “ಅವತ್ತು ದುರ್ಬೀನಿನಾಗ ನೋಡಿದವ್ರು ನಮ್ಮ ಕಡಿಯವ್ರು ನೀವೊಬ್ಬರೇ ಏನ್ರಿ? ಇನ್ನ್ಯಾರಿದ್ರು ನಿಮ್ಮ ಜತಿ?”

“ಯಾರೂ ಇರಲಿಲ್ಲ,” ಎಂದೆ.

ಆ ಉತ್ತರವನ್ನು ಇಲ್ಲಿ ತಿದ್ದುತ್ತಿದ್ದೇನೆ. ಇನ್ನೊಬ್ಬರಿದ್ದರು. ಮೊದಲು ನಾಲ್ಕು ಕಲ್ಲು ಹಾಕಿ ನೋಡೋಣ ಎಂದವರು ಅವರು. ಕೆಳಗೆ ಬನ್ನಿ ಎಂದು ಮಾಳಿಗೆ ಹತ್ತಿ ಬಂದು ಕರೆದವರು ಅವರು. ಚಂದ್ರನ ನೆಲದ ಬಗ್ಗೆ ನಾನು ಜೀವನವಿಡೀ ನನ್ನದೆಂದು ಹೇಳಿಕೊಂಡು ಬಂದ ಮಾತು ಅವರದು. ಏಡನ್ನಿನ ನೆಲ ಕೆಡಿಸಿದ್ದು ನಾನು. ಅವರ ಹೆಂಡತಿ ಮಕ್ಕಳಿಗೆ, ಸೇಡಮಿನವರಿಗೆ, ಓದುವ ಎಲ್ಲರಿಗೂ ಇದು ತಿಳಿಯಲಿ.

ಅವರು ಭಂಕೂರಿನ ಸಾಬಣ್ಣ. ಸಾಬಣ್ಣ ಮೇಸ್ತ್ರಿ.